ಮನೆಯಲ್ಲಿ ಓಡಿ ರಸ್ತೆಯಲ್ಲಿ ನಿಲ್ಲುವ ಜೀಪು

ಆ ಶನಿವಾರ ಮಾಡಿದ ಕೆಲಸಗಳು: ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದ್ದು. ಅತ್ತೆಯವರ ಸ್ನಾನಕ್ಕೆ ಗೀಸರ್ ಹಾಕಿದ್ದು, ಆರಿಸಲು ಮರೆತು ಮತ್ತೆ ಓಡಿದ್ದು. ಹೆಸರುಕಾಳು ನೆನೆಹಾಕಿದ್ದು. ದಂಟಿನ ಸೊಪ್ಪು ಬಿಡಿಸಿದ್ದು. ಒಣಗಿದ ಬಟ್ಟೆ ಮಡಿಸಿದ್ದು. ಹಳೆಯ ಇಡ್ಲಿ ತಟ್ಟೆಯ ಗುಳಿಯಲ್ಲಿ ಉಳಿದಿದ್ದ ಎರಡು ಸ್ಕ್ರೂ ಯಾವುದಕ್ಕೆ ಸೇರಿದ್ದು ಎಂದು ಯಜಮಾನರನ್ನು ಕೇಳಿದ್ದು, ಅವರು ಪೇಪರಿನಿಂದ ತಲೆಯೆತ್ತದೆ "ಗೊತ್ತಿಲ್ಲ" ಎಂದದ್ದು. ಷೆಡ್ಡು ಗುಡಿಸಿದ್ದು. ಜೀಪಿನಿಂದ ನಮ್ಮ ಸಾಮಾನು ಈಚೆ ತೆಗೆದದ್ದು: ಒಂದು ಕೊಡೆ, ಎರಡು ಗೋಣಿತಾಟು, ಅತ್ತೆ ಕಾಲಿಟ್ಟು ಹತ್ತುವ ಮರದ ಸ್ಟೂಲು, ಯಾವ ಕಾಲದ್ದೋ ಒಂದು ಬಾಚಣಿಗೆ.

ಸಂಜೆ ನಾಲ್ಕು ಗಂಟೆಗೆ ಜೀಪು ನಮ್ಮ ಮನೆಯಿಂದ ಹೋಗುವುದಿತ್ತು.

ಅದನ್ನು ತಂದವರು ನನ್ನ ಮಾವ, ಸೈನ್ಯದ ಹಳೇ ಗಾಡಿಗಳ ಹರಾಜಿನಲ್ಲಿ. ನಾನು ಮದುವೆಯಾಗಿ ಬಂದಾಗಲೇ ಅದು ಹಳೆಯದು. ವಿಜಯನಗರದ ಈ ಸೈಟಿನಲ್ಲಿ ಮನೆ ಕಟ್ಟುವಾಗ ಮೊದಲು ಷೆಡ್ಡಿನ ಅಳತೆ ಬರೆದುಕೊಂಡು, ಮಿಕ್ಕ ಜಾಗದಲ್ಲಿ ಅಡುಗೆಮನೆ ಎಷ್ಟು ಬರುತ್ತದೋ ನೋಡಿದರು. ನನ್ನ ಅಡುಗೆಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿರುವುದು ಅದಕ್ಕೇ. ಮಾವ ಹೋದ ಮೇಲೆ ಜೀಪಿನ ಯೋಗಕ್ಷೇಮವೆಲ್ಲ ಯಜಮಾನರದು. ಮೇಟಗಳ್ಳಿಯ ಒಂದು ಕಾರ್ಖಾನೆಯ ಮಷಿನ್ ಶಾಪಿನಲ್ಲಿ ಮೂವತ್ತು ವರ್ಷ ಕಬ್ಬಿಣ ತಿರುವಿದವರು ಅವರು. ಅಲ್ಲಿಂದ ತಂದ ಆಸ್ತಿ ಎರಡು, ಒಳ್ಳೆಯ ಕೈ ಮತ್ತು ಮಂದವಾದ ಕಿವಿ. ಜೀಪನ್ನು ಒಮ್ಮೆಯೂ ಗ್ಯಾರೇಜಿಗೆ ಬಿಟ್ಟವರಲ್ಲ. ಬ್ರೇಕು, ಕ್ಲಚ್ಚು, ಸೋರುವ ರೇಡಿಯೇಟರು, ಎಲ್ಲವೂ ಷೆಡ್ಡಿನಲ್ಲೇ ಆಗಬೇಕು. ಬಿಚ್ಚಿದ ಸಾಮಾನು ಕಳೆಯದ ಹಾಗೆ ಕ್ರಮವಾಗಿ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡುತ್ತಿದ್ದರು. ತಿರುಗಿ ಜೋಡಿಸಿದ ಮೇಲೆ ಒಂದು ಸ್ಕ್ರೂ ಸಹ ಉಳಿದದ್ದನ್ನು ನಾನು ನೋಡಿರಲಿಲ್ಲ, ಆ ವಾರದವರೆಗೆ.

ತೊಂದರೆ ಶುರುವಾದದ್ದು ದಸರೆಯ ನಂತರ. ಅತ್ತೆಯವರನ್ನು ರಾಜೀವನಗರದ ಅವರ ತಂಗಿಯ ಮನೆಗೆ ಕರೆದುಕೊಂಡು ಹೊರಟಿದ್ದೆವು. ಅರ್ಧ ದಾರಿ ಚೆನ್ನಾಗಿ ಬಂದ ಜೀಪು ಸಿಗ್ನಲ್ ದಾಟುತ್ತಿದ್ದಂತೆ ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಹಿಂದಿನಿಂದ ಹಾರ್ನೋ ಹಾರ್ನು. ಯಜಮಾನರು ಬಾನೆಟ್ ಎತ್ತಿ ನೋಡಿದರು, ವೈರು ಅಲ್ಲಾಡಿಸಿದರು. ನಮ್ಮ ಜೀಪಿನಲ್ಲಿ ಪೆಟ್ರೋಲಿನ ಮುಳ್ಳು ಕೆಲಸ ಮಾಡುವುದಿಲ್ಲ. ಡ್ರೈವರ್ ಸೀಟಿನ ದಿಂಬು ಎತ್ತಿದರೆ ಅದರಡಿಯಲ್ಲೇ ಟ್ಯಾಂಕಿನ ಮುಚ್ಚಳ, ಅದನ್ನು ತಿರುಗಿಸಿ ತೆಗೆದು ಬಿದಿರು ಕಡ್ಡಿ ಇಳಿಬಿಟ್ಟು ಅಳೆಯಬೇಕು. ಅಳೆದರು. ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ದಿಂಬು ಇಟ್ಟು, ಕುಳಿತು ಬಟನ್ ಒತ್ತಿದರೆ ಏನೂ ಆಗದವರ ಹಾಗೆ ಹೊರಟಿತು.

"ದೃಷ್ಟಿ ಕಣಪ್ಪ," ಎಂದರು ಅತ್ತೆ. "ಹಬ್ಬದಲ್ಲಿ ಅಷ್ಟು ಚೆಂದ ಮಾಡಿ ನಿಲ್ಲಿಸಿದ್ರಲ್ಲ, ಬೀದಿಯವರ ಕಣ್ಣೆಲ್ಲ ಬಿತ್ತು."

"ದೃಷ್ಟಿ ಅಲ್ಲ ಅವ್ವ, ಕಾಯಿಲ್," ಎಂದರು ಇವರು. ಕಿಡಿಗೆ ಕರೆಂಟು ಕೊಡುವ ಡಬ್ಬಿಯಂತೆ ಅದು. ಬಿಸಿಯಾದರೆ ಕೈಕೊಡುತ್ತದೆ, ತಣ್ಣಗಾದರೆ ಸರಿಹೋಗುತ್ತದೆ.

ಹೊಸ ಕಾಯಿಲ್ ಬಂತು. ಷೆಡ್ಡಿನಲ್ಲಿ ಮುಕ್ಕಾಲು ಗಂಟೆ ಎಂಜಿನ್ ಓಡಿಸಿ ಬಿಟ್ಟರು. ನನ್ನ ಒಗ್ಗರಣೆಗೆಲ್ಲ ಹೊಗೆ ವಾಸನೆ ಹತ್ತಿತೇ ಹೊರತು ಎಂಜಿನ್ ನಿಲ್ಲಲಿಲ್ಲ. ಮರುದಿನ ತರಕಾರಿಗೆ ಹೊರಟರೆ ರಿಂಗ್ ರಸ್ತೆ ಮುಟ್ಟುವಷ್ಟರಲ್ಲಿ ನಿಂತಿತು. ಬಾನೆಟ್ ಎತ್ತಿದರು, ದಿಂಬು ಎತ್ತಿದರು, ಕಡ್ಡಿ ಬಿಟ್ಟರು, ಹೊರಟಿತು.

ಆಮೇಲಿನದ್ದನ್ನು ನನ್ನ ಕ್ಯಾಲೆಂಡರ್ ನೋಡಿಯೇ ಹೇಳಬೇಕು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಸಣ್ಣದಾಗಿ ಬರೆದಿಡುವುದು ನನ್ನ ಅಭ್ಯಾಸ: ಸಿಲಿಂಡರ್ ಬಂತು, ನಲ್ಲಿ ಬರಲಿಲ್ಲ, ಅತ್ತೆಯ ಮಾತ್ರೆ ಮುಗಿಯಿತು. ಆ ತಿಂಗಳ ಚೌಕಗಳಲ್ಲಿ ಹೀಗಿದೆ. "ಕಾರ್ಬೊರೇಟರ್ ಬಿಚ್ಚಿದರು. ಜೀಪು ನಿಂತಿತು, ಹಾಲಿನ ಬೂತ್." "ಎಂಜಿನ್ನಿನ ಪೆಟ್ರೋಲ್ ಪಂಪಿನ ಒಳಗಿನ ರಬ್ಬರ್ ಬದಲು. ನಿಂತಿತು, ರಿಂಗ್ ರಸ್ತೆ." "ಪಂಪಿಗೆ ಒದ್ದೆ ಬಟ್ಟೆ ಸುತ್ತಿದರು (ನನ್ನ ನೀಲಿ ಸೀರೆ ಚೂರು). ನಿಂತಿತು, ರಿಂಗ್ ರಸ್ತೆ." "ಕಾರ್ಬೊರೇಟರ್ ಮತ್ತೆ." "ನಿಂತಿತು." "ನಿಂತಿತು."

ಮನೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ, ರಸ್ತೆಗಿಳಿದರೆ ನಿಲ್ಲುತ್ತದೆ. ನಿಂತಲ್ಲಿ ಒಂದು ಹತ್ತು ನಿಮಿಷ ಗುದ್ದಾಡಿದರೆ ಮತ್ತೆ ಹೊರಡುತ್ತದೆ. ಇದು ಯಂತ್ರವೋ ಅತ್ತೆಮನೆಗೆ ಹೋಗಲು ಒಪ್ಪದ ಹೊಸ ಹುಡುಗಿಯೋ ಎನ್ನುವ ಹಾಗಿತ್ತು. ಯಜಮಾನರು ಮೊಬೈಲಿನಲ್ಲಿ ಯಾರು ಯಾರೋ ಜೀಪು ಬಿಚ್ಚುವ ವಿಡಿಯೋ ನೋಡಿದರು. ಒಬ್ಬ ಒಂದು ಹೇಳಿದರೆ ಇನ್ನೊಬ್ಬ ಅದರ ಉಲ್ಟಾ ಹೇಳುತ್ತಿದ್ದ. ಇವರು ಇಬ್ಬರೂ ಹೇಳಿದಂತೆ ಮಾಡಿದರು.

ನನಗೆ ಜೀಪಿಗಿಂತ ಇವರೇ ಅರ್ಥವಾಗದಾದರು. ಮೊದಲೆಲ್ಲ ಏನಾದರೂ ಕೆಟ್ಟರೆ ಇವರಿಗೆ ಹುರುಪು ಬರುತ್ತಿತ್ತು, ಶಿಳ್ಳೆ ಹಾಕಿಕೊಂಡು ಷೆಡ್ಡಿಗೆ ಹೋಗುತ್ತಿದ್ದರು. ಈಗ ಸ್ಪ್ಯಾನರ್ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದರು. ಒಂದು ದಿನ ಸೀಗೆಪುಡಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ನನ್ನ ಕಡೆ ನೋಡದೆ ಹೇಳಿದರು. "ಅಪ್ಪನಿಗೂ ಹಿಂಗೇ ಶುರುವಾಗಿದ್ದು ಕಣೇ."

ಮಾವ ಕೊನೆಯ ಕಾಲದಲ್ಲಿ ಎಲ್ಲವನ್ನೂ ಮರೆತಿದ್ದರು. ಮನೆಯ ದಾರಿ, ಊಟ ಮಾಡಿದ್ದು, ನನ್ನನ್ನು. ಆದರೆ ಎಲ್ಲಕ್ಕೂ ಮೊದಲು ಅವರು ಮರೆತದ್ದು ಇದೇ ಜೀಪನ್ನು. ಒಂದು ಬೆಳಿಗ್ಗೆ ಬಿಚ್ಚಿದ ಬ್ರೇಕನ್ನು ಮುಂದಿಟ್ಟುಕೊಂಡು, ಮೊದಲು ಯಾವುದನ್ನು ಕೂರಿಸಬೇಕು ಎಂದು ತಿಳಿಯದೆ ಮಧ್ಯಾಹ್ನದವರೆಗೆ ಕುಳಿತಿದ್ದರು. ಅದನ್ನು ಇವರೂ ನೋಡಿದ್ದರು, ನಾನೂ ನೋಡಿದ್ದೆ.

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?" ಎಂದೆ.

"ನಂಗೆ ಗೊತ್ತಿರೋ ಗಾಡಿ. ಕಣ್ಣು ಮುಚ್ಕೊಂಡು ಬಿಚ್ತಿದ್ದೆ. ಏನೋ ಒಂದು ಮುಂದೇನೇ ಐತೆ, ನಂಗೆ ಕಾಣ್ತಿಲ್ಲ. ತಲೇನೇ ಕೈಕೊಡ್ತಾ ಐತೋ ಏನೋ."

ನಾನು ಟವೆಲ್ ಕೊಟ್ಟೆ.

ಅದಾದ ವಾರಕ್ಕೆ ಅವರ ಹಳೆಯ ಜೊತೆಗಾರರೊಬ್ಬರಿಗೆ ಫೋನ್ ಹೋಯಿತು. ಒಂದೇ ಮಷಿನ್ ಶಾಪಿನಲ್ಲಿ ಪಕ್ಕಪಕ್ಕದಲ್ಲಿ ನಿಂತು ದುಡಿದವರು ಅವರು. ಈಗ ಕೆ.ಆರ್.ಎಸ್. ರಸ್ತೆಯಲ್ಲಿ ತಮ್ಮನ ಜೊತೆ ಹೋಟೆಲು ನಡೆಸುತ್ತಾರೆ. ಹೋಟೆಲಿನ ಮುಂದೆ ಹಳೇ ಜೀಪೊಂದನ್ನು ಬಣ್ಣ ಹೊಡೆದು ನಿಲ್ಲಿಸಬೇಕು, ಜನ ಹತ್ತಿ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ ಎಂದು ವರ್ಷದಿಂದ ಗಂಟು ಬಿದ್ದಿದ್ದರು. ಇವರು ಪ್ರತಿ ಸಲ ಬೈದು ಕಳಿಸುತ್ತಿದ್ದರು. ಈ ಸಲ, "ಶನಿವಾರ ಬಾ. ತಗೊಂಡ್ಹೋಗು," ಎಂದರು. ಫೋನ್ ಇಟ್ಟು ನನಗೆ, "ಅಪ್ಪನ ಥರ ಅದರ ಮುಂದೆ ಕೂತ್ಕೊಳ್ಳೋ ದಿನ ಬರೋದು ಬೇಡ. ಅಷ್ಟ್ರೊಳಗೆ ಹೋಗ್ಬುಡ್ಲಿ," ಎಂದರು.

ನನಗೆ ಖುಷಿಯಾಗಬೇಕಿತ್ತು. ಷೆಡ್ಡು ಖಾಲಿಯಾದರೆ ಹಪ್ಪಳ ಒಣಗಿಸಲು ನೆರಳಿರುವ ಜಾಗ, ಒಗೆಯುವ ಕಲ್ಲಿಗೆ ಜಾಗ. ಈ ಜಾಗಕ್ಕಾಗಿ ಎಷ್ಟು ವರ್ಷ ಗೊಣಗಿದ್ದೇನೆ. ಕೊಡುತ್ತೇನೆ ಎಂದಾಗ ಒಂದೂ ಬೇಡವೆನಿಸಿತು. ಜೀಪು ಬೇಕು ಅಂತಲೂ ಅಲ್ಲ. ಅದು ಹೋದ ಮೇಲೆ ಇವರು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಎಂಬುದು ನನಗೆ ತೋಚಲಿಲ್ಲ.

ಹೀಗೆ ಆ ಶನಿವಾರ ಬಂದದ್ದು. ಸಾಮಾನು ತೆಗೆದು ಮುಗಿಸುವಷ್ಟರಲ್ಲಿ ಅತ್ತೆ ಷೆಡ್ಡಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತರು.

"ವಿಭೂತಿ ತೊಳೆದ್ಯೇನಮ್ಮ?"

"ಇಲ್ಲ ಅತ್ತೆ. ಒರೆಸ್ಬಾರ್ದು ಅಂತೀರಲ್ಲ."

"ನಮ್ಮನೇಲಿ ಇರೋಗಂಟ ಒರೆಸ್ಬಾರ್ದು. ಬ್ಯಾರೆ ಮನೆಗೆ ಹೋಗೋವಾಗ ನಮ್ಮ ಮನೆ ಪೂಜೆ ಇಟ್ಕೊಂಡು ಹೋಗ್ತದಾ? ನೀರಾಕಿ ತೊಳಿ. ಅವರು ಅವರ ದೇವರದ್ದು ಹಚ್ಕೊಳ್ಳಲಿ."

ನಮ್ಮ ಮನೆಯಲ್ಲಿ ಆಯುಧಪೂಜೆಗೆ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಗಂಧ ಸೇರಿಸಿ ಎಲ್ಲದಕ್ಕೂ ಮೂರು ಬೆರಳಿನ ಪಟ್ಟೆ ಎಳೆಯುತ್ತೇವೆ. ಮಿಕ್ಸಿಗೆ, ಫ್ರಿಜ್ಜಿಗೆ, ಈಳಿಗೆ ಮಣೆಗೆ, ಸ್ಪ್ಯಾನರುಗಳಿಗೆ, ಜೀಪಿಗೆ. ನಡುವೆ ಒಂದು ಕುಂಕುಮದ ಬೊಟ್ಟು. ಹಚ್ಚಿದ್ದನ್ನು ಯಾರೂ ಒರೆಸುವಂತಿಲ್ಲ, ತಾನಾಗಿ ಉದುರಬೇಕು. ಮುಂದಿನ ದಸರೆಗೆ ಹಳೆಯದರ ಗುರುತಿನ ಮೇಲೇ ಹೊಸದನ್ನು ಹಚ್ಚುವುದೂ ಉಂಟು.

ಬಕೆಟ್ ತಂದು ದೀಪ, ಬಾನೆಟ್ಟು, ಸ್ಟೀರಿಂಗು ತೊಳೆದೆ. ಮುಗಿಯಿತು ಎನ್ನುವಾಗ ನೆನಪಾಯಿತು. ಆ ವರ್ಷ ಹಬ್ಬದ ದಿನ ಸೀಟಿನ ದಿಂಬು ಹೊಲಿಗೆಗೆ ಹೋಗಿತ್ತು, ಯಾವಾಗಲೂ ಅದರಡಿ ಅಡಗಿರುವ ಟ್ಯಾಂಕಿನ ಮುಚ್ಚಳ ಬಯಲಾಗಿ ಕಾಣುತ್ತಿತ್ತು. ಅತ್ತೆ ಅದನ್ನು ಮೊದಲ ಸಲ ನೋಡಿದ್ದರು. ಏನದು ಎಂದು ಕೇಳಿದ್ದರು. ಪೆಟ್ರೋಲ್ ಹಾಕುವ ಬಾಯಿ ಎಂದಿದ್ದೆ. "ಎಲ್ಲಕ್ಕೂ ಹಚ್ಚಿ ಬಾಯಿಗೆ ಹಚ್ಚದೆ ಬಿಟ್ಯಾ? ಹಚ್ಚು ಹಚ್ಚು, ಧಾರಾಳವಾಗಿ ಹಚ್ಚು," ಎಂದಿದ್ದರು. ನಾನು ಧಾರಾಳವಾಗಿಯೇ ಹಚ್ಚಿದ್ದೆ.

ದಿಂಬು ಎತ್ತಿದೆ. ವಿಭೂತಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿದೆ. ಎಲ್ಲ ಹೋದರೂ ಕುಂಕುಮ ಇಟ್ಟಿದ್ದ ನಟ್ಟನಡುವೆ ಒಂದು ಬಿಳಿ ಚುಕ್ಕೆ ಉಳಿಯಿತು. ಉಗುರಿಗೆ ಸಿಗಲಿಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೆದಕಿದರೆ ಪಿನ್ನು ಒಳಗೇ ಹೋಯಿತು. ಸಾಸಿವೆಯಷ್ಟೂ ಇಲ್ಲದ ಒಂದು ತೂತು.

ಅಯ್ಯೋ, ಮುಚ್ಚಳ ತೂತು ಮಾಡಿಬಿಟ್ಟೆನಲ್ಲ ಎಂದು ಮೊದಲು ಹೆದರಿದೆ. ಹೋಗುವ ಗಾಡಿಯನ್ನೂ ಕೆಡಿಸಿ ಕಳಿಸಿದ ಹಾಗಾಯಿತು. ಆದರೆ ತೂತಿನ ಅಂಚು ನುಣ್ಣಗಿತ್ತು, ಬೇಕೆಂದೇ ಕೊರೆದದ್ದು. ಪೆಟ್ರೋಲ್ ಹಾರಿಹೋಗುವ ವಸ್ತು, ಅದರ ಮುಚ್ಚಳಕ್ಕೆ ಯಾರಾದರೂ ತೂತು ಮಾಡುತ್ತಾರೆಯೇ? ತಲೆಬುಡ ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ ಕೈತೊಳೆದು ಎಣ್ಣೆ ಡಬ್ಬಿಯಿಂದ ಜಾಡಿಗೆ ಎಣ್ಣೆ ಬಗ್ಗಿಸುತ್ತಿದ್ದೆ. ಹೊಸ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಎರಡು ಸಲ ಗುಳುಕ್ ಎಂದು ನಿಂತುಬಿಡುತ್ತದೆ, ಎದುರು ಮೂಲೆಗೆ ಇನ್ನೊಂದು ಮಾಡಿದರೆ ಸಲೀಸಾಗಿ ಇಳಿಯುತ್ತದೆ. ಹುಡುಗಿಯಾಗಿದ್ದಾಗಿನಿಂದ ಮಾಡುತ್ತಿದ್ದೇನೆ, ಯಾಕೆ ಎಂದು ಕೇಳಿಕೊಂಡಿರಲಿಲ್ಲ.

ಬಗ್ಗಿಸುವುದನ್ನು ನಿಲ್ಲಿಸಿದೆ. ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ತಿರುವಿದೆ. ಆಯುಧಪೂಜೆಯ ಚೌಕದ ಹಿಂದೆ ಒಂದು ಕಡೆಯೂ "ನಿಂತಿತು" ಇಲ್ಲ. ಮುಂದೆಲ್ಲ ಅದೇ. ಜೊತೆಗೆ ಇನ್ನೊಂದು ನೆನಪಾಯಿತು. ರಸ್ತೆಯಲ್ಲಿ ಇವರು ಪ್ರತಿ ಸಲ ಮುಚ್ಚಳ ತಿರುಗಿಸಿದಾಗ ಉಸ್ ಎಂದು ಒಂದು ಸದ್ದು ಬರುತ್ತಿತ್ತು. ಇವರಿಗೆ ಅಂಥ ಸಣ್ಣ ಸದ್ದು ಕೇಳಿಸುವುದಿಲ್ಲ. ನನಗೆ ಕೇಳಿಸಿತ್ತು. ಪಾಪ ನಿಟ್ಟುಸಿರು ಬಿಡುತ್ತಿದ್ದಾರೆ ಎಂದುಕೊಂಡಿದ್ದೆ.

ಹೇಳುವುದೋ ಬೇಡವೋ? ತಪ್ಪಾಗಿದ್ದರೆ ನಗೆಪಾಟಲು, ಸರಿಯಾಗಿದ್ದರೆ ತಿಂಗಳಿಡೀ ಅವರನ್ನು ಹೆದರಿಸಿದ್ದು ನನ್ನ ಮೂರು ಬೆರಳು. ಎಣ್ಣೆ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹೋಟೆಲಿನವರು ಕಾರಿನಲ್ಲಿ ಬಂದಿದ್ದರು, ಹೆಗಲ ಮೇಲೆ ದಪ್ಪ ಹಗ್ಗ.

"ಏನತ್ಗೆ, ಕಾಫಿ ಆಯ್ತಾ? ಎಳ್ಕೊಂಡ್ಹೋಗೋಕೆ ಹಗ್ಗಾನೂ ತಂದ್ಬುಟ್ಟೆ. ಬೇಕಾದ್ರೆ ನಿಮ್ಮ ಯಜಮಾನ್ರನ್ನೂ ಕಟ್ಕೊಂಡ್ಹೋಗ್ತೀನಿ."

ಯಜಮಾನರು ನಗಲಿಲ್ಲ. ಬೀಗದ ಕೈ, ಜೀಪಿನ ಕಾಗದಗಳ ಚೀಲ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದರು. ನಾನು ಕಾಫಿ ಲೋಟ ಇಡುತ್ತಾ ಕೇಳಿದೆ. "ರೀ, ಟ್ಯಾಂಕಿನ ಮುಚ್ಚಳದ ಮಧ್ಯೆ ತೂತು ಯಾಕಿರುತ್ತೆ?"

"ಗಾಳಿಗೆ ಕಣೇ. ಪೆಟ್ರೋಲ್ ಈಚೆಗೆ ಬಂದಷ್ಟೂ ಗಾಳಿ ಒಳಕ್ಕೋಗ್ಬೇಕು. ಇಲ್ದಿದ್ರೆ..."

ಮಾತು ಅಲ್ಲಿಗೇ ನಿಂತಿತು.

"ಅದ್ರಲ್ಲಿ ವಿಭೂತಿ ಕೂತಿತ್ತು," ಎಂದೆ. "ಈಗ ತೆಗೆದೆ. ಹಬ್ಬದಲ್ಲಿ ಹಚ್ಚಿದ್ದು. ನಾನೇ."

ಇವರು ನನ್ನನ್ನೇ ನೋಡಿದರು. ಹೋಟೆಲಿನವರು ಲೋಟ ಕೆಳಗಿಟ್ಟು ತೊಡೆ ತಟ್ಟಿಕೊಂಡು ನಗತೊಡಗಿದರು. "ಲೇ, ಆ ಮುಚ್ಚಳ ದಿನಾ ತೆಗೀತಿದ್ದೆ ತಾನೇ? ವಿಭೂತಿ ಕಾಣ್ಲಿಲ್ವೇನೋ?"

"ಕಾಣ್ತು ಕಣಯ್ಯ. ತೆಗೆದಾಗೆಲ್ಲ ಮುಟ್ಟಿ ಕಣ್ಣಿಗೊತ್ಕೊಂಡಿದೀನಿ. ದೇವರದ್ದು, ಒರೆಸೋದೆಂಗೆ?"

"ಹಂಗಾದ್ರೆ ಸರಿಹೋಯ್ತಲ್ಲ. ನನ್ನ ಹಗ್ಗ ದಂಡ."

"ತಡಿ," ಎಂದು ಇವರು ಎದ್ದರು. "ಊಹೆ ಮೇಲೆ ನಂಬೋಕಾಗಲ್ಲ. ಕೆಡಿಸಿ ನೋಡ್ಬೇಕು." ನನ್ನ ಕಡೆ ತಿರುಗಿ, "ಮಧ್ಯಾಹ್ನದ ಮುದ್ದೆ ಚೂರು ಉಳ್ದಿದ್ಯಾ?" ಎಂದರು.

ರಾಗಿಮುದ್ದೆಯ ಗುಲಗಂಜಿ ಗಾತ್ರದ ಒಂದು ಉಂಡೆ ಉರುಳಿಸಿ ತೂತಿನ ಮೇಲೆ ಒತ್ತಿ ಮೆತ್ತಿದರು. ನನ್ನನ್ನೂ ಹತ್ತಿಸಿಕೊಂಡರು. ಅತ್ತೆ ಸ್ಟೂಲು ತರಿಸಿ ತಾವೂ ಹತ್ತಿದರು. ಹೋಟೆಲಿನವರು ಹಗ್ಗ ತೊಡೆಯ ಮೇಲಿಟ್ಟುಕೊಂಡು ಮುಂದೆ ಕುಳಿತರು. ಹಾಲಿನ ಬೂತ್ ದಾಟಿತು. ರಿಂಗ್ ರಸ್ತೆ ಕಾಣಿಸಿತು. ಜೀಪು ನಿಲ್ಲಲಿ ಎಂದು ಬೇಡಿಕೊಳ್ಳಬೇಕೋ ನಿಲ್ಲದಿರಲಿ ಎಂದೋ ನನಗೆ ತಿಳಿಯದಾಯಿತು. ರಿಂಗ್ ರಸ್ತೆಗೆ ತಿರುಗಿದ ಮೇಲೆ ಎಂಜಿನ್ ಎರಡು ಸಲ ಬಿಕ್ಕಿತು. ನಿಂತಿತು.

"ನಿಂತ್ಕೊಂಡ್ತು!" ಎಂದು ಇವರು ಸ್ಟೀರಿಂಗಿಗೆ ಹೊಡೆದರು. ಜೀಪು ಕೆಟ್ಟು ನಿಂತದ್ದಕ್ಕೆ ಇವರು ಹಲ್ಲು ಕಾಣುವಂತೆ ನಕ್ಕದ್ದನ್ನು ಅವತ್ತೇ ನೋಡಿದ್ದು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿದವರೊಬ್ಬರು "ಏನಾದ್ರೂ ಸಹಾಯ ಬೇಕೇನ್ರೀ?" ಎಂದರೆ "ಬೇಡಿ ಸಾರ್, ಚೆನ್ನಾಗಿ ನಿಂತಿದೆ," ಎಂದರು. ಆ ಮನುಷ್ಯ ಹಿಂದೆ ತಿರುಗಿ ನೋಡುತ್ತಲೇ ಹೋದ.

ದಿಂಬು ಎತ್ತಿ ಮುದ್ದೆ ಕಿತ್ತರು. ಉಸ್ ಎಂದಿತು. "ಕೇಳುಸ್ತಾ?" ಎಂದು ನನ್ನನ್ನು ಕೇಳಿದರು. ಕೇಳಿಸಿತು ಎಂದೆ. "ಷೆಡ್ಡಲ್ಲಿ ನಿಂತೇ ಓಡೋವಾಗ ಚೂರೇ ಚೂರು ಪೆಟ್ರೋಲ್ ಕುಡೀತದೆ, ಅದಕ್ಕೇ ಅಲ್ಲಿ ಗೊತ್ತಾಗ್ಲಿಲ್ಲ," ಎಂದರು. ಬಟನ್ ಒತ್ತಿದರು, ಹೊರಟೆವು. ಹಿನಕಲ್ ದಾಟಿ, ಮೇಟಗಳ್ಳಿ ದಾಟಿ, ಕೆ.ಆರ್.ಎಸ್. ರಸ್ತೆಯಲ್ಲಿ ಹೋಟೆಲಿನವರೆಗೂ ಹೋಗಿ, ಅವರು ಜೀಪು ನಿಲ್ಲಿಸಬೇಕೆಂದಿದ್ದ ಖಾಲಿ ಜಾಗವನ್ನು ಒಂದು ಸುತ್ತು ಹಾಕಿ ತಿರುಗಿ ಬಂದೆವು. ಎಲ್ಲೂ ನಿಲ್ಲಲಿಲ್ಲ.

"ಅಂಗಾರೆ ದೇವರದೇ ತಪ್ಪು ಅಂತೀಯಾ?" ಎಂದರು ಅತ್ತೆ ದಾರಿಯಲ್ಲಿ.

"ದೇವರದ್ದಲ್ಲ ಅವ್ವ. ಅವನು ಸರಿಯಾಗೇ ಕೂತಿದ್ದ, ಜಾಗ ಮಾತ್ರ ತಪ್ಪು."

"ಮುಂದಿನ ಸಲ ಪಕ್ಕಕ್ಕೆ ಹಚ್ಚುಸ್ತೀನಿ ಬುಡು. ಹಚ್ಚೋದಂತೂ ಬುಡಾಕಿಲ್ಲ."

ಹೋಟೆಲಿನವರು ಹಗ್ಗ ಸುತ್ತಿ ಕಾರಿನಲ್ಲಿ ಹಾಕಿಕೊಂಡರು. "ತಿರ್ಗಾ ಫೋನ್ ಮಾಡಿ ಕೊಡ್ತೀನಿ ಅಂದ್ಯೋ, ಮೊದ್ಲು ಅತ್ಗೆ ಹತ್ರ ಮಾತಾಡ್ತೀನಿ," ಎಂದು ಬೈದು ಹೊರಟರು.

ಇವರು ಇಡ್ಲಿ ತಟ್ಟೆಯ ಎರಡು ಸ್ಕ್ರೂ ತೆಗೆದುಕೊಂಡು ಷೆಡ್ಡಿಗೆ ಹೋದರು. ಎಷ್ಟು ಹೊತ್ತಾದರೂ ಬರದಿದ್ದಾಗ ಹೋಗಿ ನೋಡಿದೆ. ಬಾನೆಟ್ ಎತ್ತಿಕೊಂಡು ನಿಂತಿದ್ದರು.

"ಪಂಪಿನ ಮುಚ್ಚಳದವು," ಎಂದರು. ಹಾಕಿ ಬಿಗಿ ಮಾಡಿದರು. ಆಮೇಲೆ, "ಆ ತೂತು ನಂಗೆ ಗೊತ್ತಿದ್ದಿದ್ದೇ ಕಣೇ. ನೀನು ಕೇಳಿದ ತಕ್ಷಣ ಹೇಳ್ದೆ. ಗೊತ್ತಿದ್ದೂ ಹೊಳೀಲಿಲ್ಲ ಅಂದ್ರೆ ಅದು ಭಕ್ತಿಯೋ, ಮರೆವೋ?"

ಎರಡು ದಿನದ ಹಿಂದಾಗಿದ್ದರೆ ಏನಾದರೂ ಧೈರ್ಯದ ಮಾತು ಹೇಳುತ್ತಿದ್ದೆ. ಅವತ್ತು, "ನಂಗೂ ಗೊತ್ತಿಲ್ಲ ಕಣ್ರೀ. ಉಸ್ ಅಂದಿದ್ದು ನಂಗೂ ಕೇಳಿಸ್ತಿತ್ತು, ನಂಗೂ ಹೊಳೀಲಿಲ್ಲ," ಎಂದೆ.

ಅವರು ಸ್ಪ್ಯಾನರ್ ಕೆಳಗಿಟ್ಟು, "ಹಂಗಾದ್ರೆ ಇಬ್ರೂ ಒಟ್ಟಿಗೇ ಮರೀತಿದೀವಿ," ಎಂದು ಬಾನೆಟ್ ಇಳಿಸಿದರು. ಅದರಲ್ಲಿ ಸಮಾಧಾನ ಎಲ್ಲಿಂದ ಬಂತೋ, ಕೈತೊಳೆಯುವಾಗ ಶಿಳ್ಳೆ ಕೇಳಿಸಿತು. ಒಳಗೆ ಹೋಗಿ ಕ್ಯಾಲೆಂಡರಿನ ಚೌಕದಲ್ಲಿ "ಜೀಪು ಹೋಗಲಿಲ್ಲ" ಎಂದು ಬರೆದೆ.

ರಾತ್ರಿ ಊಟಕ್ಕೆ ಬಿಸಿ ಮುದ್ದೆ, ಹೆಸರುಕಾಳು ದಂಟಿನ ಸೊಪ್ಪಿನ ಬಸ್ಸಾರು, ಬಸಿದ ಕಾಳು ಸೊಪ್ಪಿನ ಪಲ್ಯ, ಅತ್ತೆಗೆ ಮಾತ್ರ ಮಜ್ಜಿಗೆ ಅನ್ನ. ನಮ್ಮ ಮನೆಯಲ್ಲಿ ಯಾವಾಗಲೂ ಅತ್ತೆಯವರೇ ಮೊದಲು ಮಲಗುವುದು, ಇವರಂತೂ ಒಂದು ತಿಂಗಳಿನಿಂದ ಹೊರಳಾಡುತ್ತಲೇ ಇರುತ್ತಿದ್ದರು. ಅವತ್ತು ನಾನು ಪಾತ್ರೆ ಬೋರಲು ಹಾಕಿ ಬರುವಷ್ಟರಲ್ಲಿ ಅತ್ತೆ ಇನ್ನೂ ಜಪದಲ್ಲಿದ್ದರು. ಮೊದಲು ನಿದ್ದೆ ಹೋಗಿದ್ದವರು ಇವರು.